ಹಳೇ ಕಂಪ್ಯೂಟರಿಗೆ ಒಂದೇ ಕೆಲಸ ಕೊಡು

ಕೂಸೇ,

ಅಟ್ಟದ ಮೇಲಿರುವ ಹಳೇ ಕಂಪ್ಯೂಟರಿನಲ್ಲಿ ಅಜ್ಜಿಗೆ ಬೇಕಾದ ಟಿವಿ ಕಾರ್ಯಕ್ರಮ ರೆಕಾರ್ಡ್ ಮಾಡಬಹುದಾ ಅಂತ ಕೇಳಿದ್ದೀಯ. ಧಾರಾಳವಾಗಿ ಮಾಡಬಹುದು. ಅದನ್ನು ಗುಜರಿಗೆ ಹಾಕಿ ಅಂತ ನಿನ್ನಪ್ಪ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡ. ಆದರೆ ನೀನು ಕೇಳದೇ ಬಿಟ್ಟ ಪ್ರಶ್ನೆ ಒಂದಿದೆ. ನೀನು ಎಲ್ಲ ಜೋಡಿಸಿಟ್ಟು ಬೆಂಗಳೂರಿನ ಬಸ್ಸು ಹತ್ತಿದ ಮೇಲೆ, ಒಂದು ಇಡೀ ಮಳೆಗಾಲ ಯಾರ ಕೈಯೂ ಸೋಕದೆ ಅದು ನಡೆದೀತಾ? ನಾನು ಇಷ್ಟುದ್ದ ಬರೆಯಲು ಕೂತದ್ದು ಅದಕ್ಕೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದವನಿಗೆ ಯಂತ್ರ ಎಷ್ಟು ಚುರುಕು ಅನ್ನುವುದಕ್ಕಿಂತ ಎಷ್ಟು ದಿನ ನಿಲ್ಲುತ್ತದೆ ಅನ್ನುವ ಚಿಂತೆಯೇ ಹೆಚ್ಚು. ನಿವೃತ್ತಿಯಾದರೂ ಆ ಚಟ ಬಿಟ್ಟಿಲ್ಲ.

ಹಳೇ ಯಂತ್ರ ಸಾಕು ಅಂತ ಇಷ್ಟು ಧೈರ್ಯವಾಗಿ ಹೇಳಲು ಕಾರಣ ಇದೆ. ಮಿಥ್‌ಟಿವಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರನ್ನು ಐಸಾಕ್ ರಿಚರ್ಡ್ಸ್ ಅನ್ನುವವರು 2002ರಲ್ಲಿ ಶುರುಮಾಡಿದಾಗ ಮನೆಗೆ ಬರುತ್ತಿದ್ದದ್ದು ಹೆಚ್ಚಾಗಿ ಅನಲಾಗ್ ಸಿಗ್ನಲ್. ಒಂದೊಂದು ಫ್ರೇಮನ್ನೂ ಹಿಡಿದು, ಕುಗ್ಗಿಸಿ, ಫೈಲು ಮಾಡುವ ಕೆಲಸ ಪೂರ್ತಿ ಕಂಪ್ಯೂಟರಿನ ತಲೆಗೆ ಬೀಳುತ್ತಿತ್ತು. ಹಾಪಾಗ್ ಕಂಪನಿಯ ಪಿವಿಆರ್-250 ಥರದ ಕಾರ್ಡುಗಳಿಗೆ ಆಗ ಅಷ್ಟು ಬೇಡಿಕೆ ಇದ್ದದ್ದೂ ಇದಕ್ಕೇ; ಎಂಪೆಗ್-2ಕ್ಕೆ ಕುಗ್ಗಿಸುವ ಚಿಪ್ಪು ಆ ಕಾರ್ಡಿನಲ್ಲೇ ಇರುತ್ತಿತ್ತು. ಈಗ ಡಿಜಿಟಲ್ ಪ್ರಸಾರದಲ್ಲಿ ಕುಗ್ಗಿಸುವ ಕೆಲಸವನ್ನು ಪ್ರಸಾರ ಮಾಡುವವರೇ ಮುಗಿಸಿ ಕಳಿಸುತ್ತಾರೆ. ಹಸಿ ಅಡಿಕೆ ತಂದು ಸುಲಿದು ಬೇಯಿಸಿ ಒಣಗಿಸುವುದು ಬೇರೆ, ಒಣಗಿಸಿ ಚೀಲ ಹೊಲಿದಿಟ್ಟದ್ದನ್ನು ಅಟ್ಟಕ್ಕೆ ಏರಿಸುವುದು ಬೇರೆ. ನಿನ್ನ ಕಂಪ್ಯೂಟರಿಗೆ ಉಳಿದಿರುವುದು ಏರಿಸುವ ಕೆಲಸ ಮಾತ್ರ.

ಲೆಕ್ಕ ಹಾಕಿ ನೋಡು. ಸಾಧಾರಣ ಗುಣಮಟ್ಟದ ಒಂದು ವಾಹಿನಿ ಸೆಕೆಂಡಿಗೆ 3 ಮೆಗಾಬಿಟ್‌ನಂತೆ ಬಂತು ಅಂದುಕೋ. ಗಂಟೆಗೆ 1.35 ಜಿಬಿ ಆಯಿತು. ಸೆಕೆಂಡಿನ ಲೆಕ್ಕದಲ್ಲಿ ಅರ್ಧ ಎಂಬಿಯೂ ಇಲ್ಲ. ಹದಿನೈದು ವರ್ಷ ಹಳೆಯ ಹಾರ್ಡ್‌ಡಿಸ್ಕೂ ಸೆಕೆಂಡಿಗೆ 50 ಎಂಬಿಯನ್ನು ಸಲೀಸಾಗಿ ಬರೆಯುತ್ತದೆ. 500 ಜಿಬಿ ಡಿಸ್ಕಿನಲ್ಲಿ ಮುನ್ನೂರು ಗಂಟೆಗೂ ಮೇಲಿನ ಕಾರ್ಯಕ್ರಮ ಹಿಡಿಸುತ್ತದೆ. ಇನ್ನೊಂದು ಲಾಭ ಬಹಳ ಜನಕ್ಕೆ ಗೊತ್ತಿಲ್ಲ: ಉಪಗ್ರಹದ ಒಂದೇ ಟ್ರಾನ್ಸ್‌ಪಾಂಡರಿನಲ್ಲಿ ಬರುವ ವಾಹಿನಿಗಳು ಎಷ್ಟಿದ್ದರೂ, ಅಷ್ಟನ್ನೂ ಒಂದೇ ಟ್ಯೂನರಿನಿಂದ ಒಟ್ಟಿಗೆ ರೆಕಾರ್ಡ್ ಮಾಡಬಹುದು. ಸಿಗ್ನಲ್ ಬರುವಾಗಲೇ ಎಲ್ಲವೂ ಕೂಡಿಕೊಂಡು ಬಂದಿರುತ್ತವೆ, ಬಿಡಿಸಿ ಬೇರೆ ಬೇರೆ ಫೈಲಿಗೆ ಬರೆದರೆ ಮುಗಿಯಿತು.

ಹಳೇ ಯಂತ್ರ ಏದುಸಿರು ಬಿಡುವುದು ಬೇರೆ ಕೆಲಸಗಳಿಗೆ. ರೆಕಾರ್ಡ್ ಆದದ್ದನ್ನು ಪರದೆಯ ಮೇಲೆ ಆಡಿಸುವುದು, ಅದರಲ್ಲೂ ಎಚ್‌ಡಿ. ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಬದಲಿಸುವುದು. ಜಾಹೀರಾತು ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತ ಹುಡುಕಿಸುವುದು. ಎಚ್‌ಇವಿಸಿ ವಿಡಿಯೊ ಕೊಟ್ಟರಂತೂ ಕೋರ್ 2 ಡುಯೋ ಪ್ರೊಸೆಸರ್ ಮುಗ್ಗರಿಸಿ ಬೀಳುತ್ತದೆ. ಆದ್ದರಿಂದ ಆ ಡಬ್ಬಕ್ಕೆ ಒಂದೇ ಕೆಲಸ ಕೊಡು: ಹಿಡಿದು ಇಡುವುದು. ಆಡಿಸುವುದನ್ನು ಟಿವಿಯ ಪಕ್ಕದ ಆಂಡ್ರಾಯ್ಡ್ ಬಾಕ್ಸಿಗೆ ಬಿಡು. ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡುವ ಟಿವಿಹೆಡೆಂಡ್, ಬಾಕ್ಸಿನಲ್ಲಿ ಆಡಿಸುವ ಕೋಡಿ, ನಡುವೆ ಒಂದು ನೆಟ್‌ವರ್ಕ್ ಕೇಬಲ್. ಹೀಗಾದರೆ ಆ ಕಂಪ್ಯೂಟರಿಗೆ ಮಾನಿಟರ್ ಬೇಡ, ಮೌಸ್ ಬೇಡ, ಡೆಸ್ಕ್‌ಟಾಪ್ ಪರದೆಯೂ ಬೇಡ. ಬರೀ ಡೆಬಿಯನ್ ಲಿನಕ್ಸ್ ಹಾಕಿದರೆ 2 ಜಿಬಿ ರ‍್ಯಾಮ್ ಸಾಕೋ ಸಾಕು. ಡೆಬಿಯನ್ ಹಾಕುವ ಮುಂಚೆ ಪ್ರೊಸೆಸರ್ 64 ಬಿಟ್‌ನದ್ದೇ ಅಂತ ನೋಡಿಕೋ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಿಂದ 32 ಬಿಟ್ ಯಂತ್ರಗಳಿಗೆ ಹೊಸದಾಗಿ ಇನ್‌ಸ್ಟಾಲ್ ಮಾಡುವ ದಾರಿ ಮುಚ್ಚಿದೆ. ಕೋರ್ 2 ಡುಯೋ ಆದರೆ ಚಿಂತೆಯಿಲ್ಲ. ಮೊದಮೊದಲಿನ ಪೆಂಟಿಯಂ 4 ಆದರೆ ಈ ಒಂದು ವಿಷಯದಲ್ಲಿ ನಿನ್ನಪ್ಪನ ಮಾತೇ ಸರಿ.

ನಮ್ಮಲ್ಲಿ ಇದನ್ನೆಲ್ಲ ಮಾಡಲು ಇರುವ ಸಲೀಸಾದ ದಾರಿ ಡಿಡಿ ಫ್ರೀ ಡಿಶ್. 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ ಬರುತ್ತದೆ. ತಿಂಗಳ ಬಾಡಿಗೆ ಇಲ್ಲ, ಚಂದನವೂ ಸಿಗುತ್ತದೆ. ದುಡ್ಡು ಕೊಟ್ಟು ನೋಡುವ ಡಿಟಿಎಚ್‌ನಲ್ಲಿ ವಾಹಿನಿಗಳಿಗೆ ಬೀಗ ಇರುತ್ತದೆ, ಅವರ ಡಬ್ಬದ ಹೊರಗೆ ಬಿಚ್ಚಿಕೊಳ್ಳುವುದಿಲ್ಲ. ಫ್ರೀ ಡಿಶ್‌ನಲ್ಲೂ ಕೆಲವಕ್ಕೆ ಬೀಗ ಹಾಕಿದ್ದಾರೆ. ತೆರೆದಿರುವುದನ್ನು ಮಾತ್ರ ಹಿಡಿ, ಬೀಗ ಮುರಿಯುವ ದಾರಿ ಹುಡುಕಿಕೊಂಡು ಹೋಗಬೇಡ. ವಾಹಿನಿಗಳ ಜಾಗಕ್ಕೆ ಹರಾಜು ನಡೆದ ಮೇಲೆ ಪಟ್ಟಿ ಅದಲುಬದಲಾಗುತ್ತದೆ, ಆಗ ಮತ್ತೆ ಸ್ಕ್ಯಾನ್ ಮಾಡಬೇಕು. ಅದನ್ನು ಬೆಂಗಳೂರಿನಿಂದಲೇ ಮಾಡಿಕೊಳ್ಳಬಹುದು.

ಬೆಂಗಳೂರಿನಿಂದ ಮಾಡಲಾಗದ್ದು ಮಾಡಿನ ಮೇಲಿನ ಕೆಲಸ. ಈಗ ಡಿಶ್‌ನಿಂದ ಟಿವಿ ಬಾಕ್ಸಿಗೆ ಒಂದೇ ಕೇಬಲ್ ಬರುತ್ತಿದೆ. ಪೇಟೆಯಲ್ಲಿ ಒಂದು ಸ್ಪ್ಲಿಟರ್ ತಂದು ಅದನ್ನೇ ಕವಲು ಮಾಡೋಣ ಅಂತ ನಿನಗೆ ಅನ್ನಿಸಿಯೇ ಅನ್ನಿಸುತ್ತದೆ. ಮಾಡಬೇಡ. ಡಿಶ್ಶಿನ ಮುಂದೆ ಕೂತಿರುವ ಎಲ್‌ಎನ್‌ಬಿಗೆ ಕರೆಂಟು ಹೋಗುವುದು ಅದೇ ಕೇಬಲ್ಲಿನಲ್ಲಿ. 13 ವೋಲ್ಟ್ ಕೊಟ್ಟರೆ ಲಂಬ ಧ್ರುವೀಕರಣದ ವಾಹಿನಿಗಳು, 18 ವೋಲ್ಟ್ ಕೊಟ್ಟರೆ ಅಡ್ಡ ಧ್ರುವೀಕರಣದವು. ಅಜ್ಜಿಯ ಬಾಕ್ಸು ಒಂದನ್ನು ಕೇಳಿ, ಅದೇ ಹೊತ್ತಿಗೆ ನಿನ್ನ ಕಂಪ್ಯೂಟರಿನ ಟ್ಯೂನರ್ ಕಾರ್ಡು ಇನ್ನೊಂದನ್ನು ಕೇಳಿದರೆ ಇಬ್ಬರಲ್ಲಿ ಒಬ್ಬರಿಗೆ ಕಪ್ಪು ಪರದೆ. ಯಾರಿಗೆ ಯಾವಾಗ ಅಂತ ಹೇಳಲು ಬರುವುದಿಲ್ಲ, ಹಾಗಾಗಿ ದೋಷ ಎಲ್ಲಿ ಅಂತ ಹುಡುಕುವುದರಲ್ಲೇ ದಿನ ಹೋಗುತ್ತದೆ. ಎರಡು ಔಟ್‌ಪುಟ್ ಇರುವ ಎಲ್‌ಎನ್‌ಬಿ ಹಾಕಿ ಎರಡನೇ ಕೇಬಲ್ ಎಳೆದರೆ ಅವರವರ ಪಾಡು ಅವರವರಿಗೆ.

ಮಲೆನಾಡಿನ ಮಳೆ ನಿನಗೆ ಗೊತ್ತಲ್ಲ. ಕೆಯು ಬ್ಯಾಂಡ್ ಸಿಗ್ನಲನ್ನು ಜೋರು ಮಳೆ ಹೀರಿಕೊಳ್ಳುತ್ತದೆ, ಅದಕ್ಕೆ ಯಾವ ಸಾಫ್ಟ್‌ವೇರಿನಲ್ಲೂ ಮದ್ದಿಲ್ಲ. ಡಿಶ್ ಸ್ವಲ್ಪ ದೊಡ್ಡದು ಹಾಕಿದರೆ ಸಾಧಾರಣ ಮಳೆಗೆ ತಡೆದುಕೊಳ್ಳುತ್ತದೆ, ಅಷ್ಟೆ. ಗುಡುಗು ಶುರುವಾದರೆ ಕೇಬಲ್ ಬಿಚ್ಚಿಡುವವನು ನಾನು. ಆದ್ದರಿಂದ ಕಂಪ್ಯೂಟರನ್ನು ಅಟ್ಟದಲ್ಲೇ ಇಟ್ಟು ಬಿಡಬೇಡ, ನನ್ನ ಕೈಗೆಟಕುವಲ್ಲಿ ಇಡು. ಈ ವಯಸ್ಸಿನಲ್ಲಿ ಸಿಡಿಲಿಗಿಂತ ನನಗೆ ಏಣಿಯ ಭಯ ಜಾಸ್ತಿ.

ಈಗ ಮುಖ್ಯ ವಿಷಯ. ಕಂಪ್ಯೂಟರ್ ಹಳೆಯದಾಯಿತು ಅಂದಾಗ ಎಲ್ಲರೂ ಪ್ರೊಸೆಸರಿನ ಬಗ್ಗೆಯೇ ಮಾತಾಡುತ್ತಾರೆ. ಪ್ರೊಸೆಸರಿಗೆ ಮುಪ್ಪು ಬರುವುದು ಕಡಿಮೆ. ಮುಪ್ಪು ಬರುವುದು ಅದರ ಸುತ್ತಮುತ್ತಲಿನ ಅಗ್ಗದ ಸಾಮಾನುಗಳಿಗೆ. ಅವುಗಳಲ್ಲೆಲ್ಲ ಅಗ್ಗದ್ದು, ಅಷ್ಟೇ ಕಿಡಿಗೇಡಿಯಾದದ್ದು ಮದರ್‌ಬೋರ್ಡಿನ ಬಟನ್ ಸೆಲ್, ಸಿಆರ್2032. ಅಂಗಡಿಯಲ್ಲಿ ಒಂದು ಕಾಫಿ ತಿಂಡಿಯಷ್ಟೂ ಆಗದ ವಸ್ತು. ಅದು ಸತ್ತರೂ ಕರೆಂಟು ಇರುವಷ್ಟು ದಿನ ಯಾರಿಗೂ ತಿಳಿಯುವುದಿಲ್ಲ. ಒಂದು ಸಂಜೆ ಕರೆಂಟು ಹೋಗಿ ಬರುತ್ತದೆ. ಗಡಿಯಾರ ಯಾವುದೋ ಹಿಂದಿನ ವರ್ಷದ ಜನವರಿ ಒಂದಕ್ಕೆ ಹೋಗಿ ಕೂತಿರುತ್ತದೆ. ಬಯಾಸಿನಲ್ಲಿ ನೀನು ಮಾಡಿಟ್ಟ ಸೆಟ್ಟಿಂಗೆಲ್ಲ ಅಳಿಸಿಹೋಗಿರುತ್ತದೆ. ಕರೆಂಟು ಬಂದ ಕೂಡಲೇ ತಾನೇ ಆನ್ ಆಗಬೇಕು ಅನ್ನುವುದೂ ಅದರಲ್ಲಿ ಸೇರಿತ್ತು. ಯಾರೋ ಬಟನ್ ಒತ್ತಿ ಆನ್ ಮಾಡುತ್ತಾರೆ. ಫ್ಯಾನ್ ತಿರುಗುತ್ತದೆ, ಹಸಿರು ದೀಪ ಹೊತ್ತುತ್ತದೆ, ಎಲ್ಲ ಸರಿ ಇದ್ದ ಹಾಗೇ ಕಾಣುತ್ತದೆ. ಒಳಗೆ ಮಾತ್ರ ಅದು ‘ಮುಂದುವರಿಯಲು ಎಫ್1 ಒತ್ತಿ’ ಅಂತ ಬರೆದುಕೊಂಡು ಕಾಯುತ್ತಾ ನಿಂತಿರುತ್ತದೆ. ಮಾನಿಟರ್ ಇಲ್ಲ, ಓದುವವರಿಲ್ಲ. ಕೀಬೋರ್ಡೂ ಇಲ್ಲ, ಒತ್ತುವವರಿಲ್ಲ. ನೀನು ಬೆಂಗಳೂರಿನಲ್ಲಿ ಕೂತು ನೆಟ್‌ವರ್ಕ್ ಹೋಗಿದೆ ಅಂದುಕೊಳ್ಳುತ್ತೀಯ, ನಾನು ಇಲ್ಲಿ ದೀಪ ನೋಡಿಕೊಂಡು ಎಲ್ಲ ಸರಿಯಿದೆ ಅನ್ನುತ್ತೇನೆ. ಆದ್ದರಿಂದ ಸ್ಕ್ರೂಡ್ರೈವರ್ ಹಿಡಿದ ಕೂಡಲೇ ಮಾಡಬೇಕಾದ ಕೆಲಸ ಆ ಸೆಲ್ ಬದಲಿಸುವುದು. ಆಮೇಲೆ ಬಯಾಸಿನಲ್ಲಿ ಮೂರು ಸಂಗತಿ: ಕರೆಂಟು ಬಂದರೆ ತಾನೇ ಆನ್ ಆಗಬೇಕು, ಕೀಬೋರ್ಡ್ ಇಲ್ಲ ಅಂತ ನಿಲ್ಲಬಾರದು, ಬೇಡದ ಫ್ಲಾಪಿ ಡ್ರೈವನ್ನು ಹುಡುಕಬಾರದು. ಲಿನಕ್ಸ್ ಒಳಗೆ ಎನ್‌ಟಿಪಿ ಹಾಕಿ ಗಡಿಯಾರವನ್ನು ಇಂಟರ್‌ನೆಟ್ಟಿಗೆ ಜೋಡಿಸು. ರೆಕಾರ್ಡ್ ಮಾಡುವ ಯಂತ್ರಕ್ಕೆ ಹೊತ್ತು ಗೊತ್ತಿಲ್ಲದಿದ್ದರೆ ಉಳಿದ ಯಾವ ಜಾಣತನವೂ ಕೆಲಸಕ್ಕೆ ಬರುವುದಿಲ್ಲ.

ಕವಚ ತೆರೆದಾಗ ಟಾರ್ಚು ಹಿಡಿದು ಕೆಪಾಸಿಟರುಗಳ ತಲೆ ನೋಡು. ಚಪ್ಪಟೆ ಇರಬೇಕು. ಉಬ್ಬಿದ್ದರೆ, ಕಂದು ಬಣ್ಣದ್ದು ಸೋರಿದ್ದರೆ ಆ ಬೋರ್ಡಿನ ಆಸೆ ಬಿಡು. 2000ದ ಆಸುಪಾಸಿನಿಂದ ಕೆಲವು ವರ್ಷ ತಯಾರಾದ ಎಷ್ಟೋ ಬೋರ್ಡುಗಳಿಗೆ ಆ ಕಾಯಿಲೆ ಇತ್ತು. ಪ್ರೊಸೆಸರಿನ ಮೇಲಿನ ಪೇಸ್ಟು ಒಣಗಿ ಸುಣ್ಣವಾಗಿರುತ್ತದೆ, ಹೊಸದು ಹಚ್ಚು. ಪವರ್ ಸಪ್ಲೈಯೊಳಗೆ ಹಲ್ಲಿ ಸಂಸಾರ ಹೂಡಿರಬಹುದು. ಅದನ್ನು ಬಿಚ್ಚಲು ಹೋಗಬೇಡ, ಕರೆಂಟು ತೆಗೆದ ಮೇಲೂ ಒಳಗೆ ವಿದ್ಯುತ್ತು ಉಳಿದಿರುತ್ತದೆ. ಅನುಮಾನ ಬಂದರೆ ಸಪ್ಲೈಯನ್ನೇ ಬದಲಿಸು.

ದುಡ್ಡು ಖರ್ಚು ಮಾಡಬೇಕಾದದ್ದು ಡಿಸ್ಕಿಗೆ. ಅದರಲ್ಲಿರುವ ಹಳೇ ಡಿಸ್ಕಿಗೆ ಸ್ಮಾರ್ಟ್ ಪರೀಕ್ಷೆ ಮಾಡು. ಪೆಂಡಿಂಗ್ ಸೆಕ್ಟರ್, ರೀಅಲೊಕೇಟೆಡ್ ಸೆಕ್ಟರ್ ಅನ್ನುವ ಸಾಲುಗಳಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಕಂಡು ಅದು ಏರುತ್ತಾ ಹೋದರೆ ಆ ಡಿಸ್ಕನ್ನು ನಂಬಬೇಡ. ಆಪರೇಟಿಂಗ್ ಸಿಸ್ಟಮ್ ಒಂದು ಚಿಕ್ಕ ಎಸ್‌ಎಸ್‌ಡಿಯಲ್ಲಿ ಇರಲಿ, ರೆಕಾರ್ಡಿಂಗ್ ಬೇರೆ ಹಾರ್ಡ್‌ಡಿಸ್ಕಿನಲ್ಲಿ. ಎರಡೂ ಒಂದೇ ಕಡೆ ಇದ್ದರೆ ರೆಕಾರ್ಡಿಂಗ್ ತುಂಬಿದ ದಿನ ಸಿಸ್ಟಮ್ಮಿಗೂ ಲಾಗ್ ಬರೆಯಲು ಜಾಗ ಉಳಿಯದೆ ಎರಡೂ ಒಟ್ಟಿಗೆ ಮಲಗುತ್ತವೆ. ಒಂದು ಹಳೇ ಪಾಠವೂ ಇದೆ. ಎಕ್ಸ್‌ಟಿ3 ಫೈಲ್‌ಸಿಸ್ಟಮ್ಮಿನ ಕಾಲದಲ್ಲಿ ದೊಡ್ಡ ಫೈಲು ಅಳಿಸಲು ಎಷ್ಟು ಹೊತ್ತು ಹಿಡಿಯುತ್ತಿತ್ತೆಂದರೆ, ಅಷ್ಟರಲ್ಲಿ ನಡೆಯುತ್ತಿದ್ದ ರೆಕಾರ್ಡಿಂಗ್ ತಡವರಿಸುತ್ತಿತ್ತು. ಹಾಗಾಗಿ ಸ್ವಲ್ಪ ಸ್ವಲ್ಪವೇ ನಿಧಾನವಾಗಿ ಅಳಿಸುವ ಆಯ್ಕೆಯೊಂದನ್ನು ಮಿಥ್‌ಟಿವಿಯಲ್ಲಿ ಇಟ್ಟಿದ್ದರು. ನೀನು ಎಕ್ಸ್‌ಎಫ್‌ಎಸ್ ಅಥವಾ ಎಕ್ಸ್‌ಟಿ4 ಹಾಕಿದರೆ ಆ ತಂಟೆ ಇಲ್ಲ.

ಯುಪಿಎಸ್ ಬೇಕು. ಬೇಡ ಅನ್ನುವ ಮಾತೇ ಇಲ್ಲ. ಕಂಪ್ಯೂಟರಿಗೆ ಮಾತ್ರ ಕೊಟ್ಟರೆ ಸಾಲದು, ರೂಟರಿಗೂ ಕೊಡು.

ಕರೆಂಟಿನ ಬಿಲ್ಲಿನ ಬಗ್ಗೆ ನೀವು ಹುಡುಗರು ಯೋಚಿಸುವುದಿಲ್ಲ. ಆ ಕಾಲದ ಡೆಸ್ಕ್‌ಟಾಪ್ ಸುಮ್ಮನೆ ಕೂತಿದ್ದರೂ 60 ವಾಟ್ ಎಳೆಯುತ್ತದೆ ಅಂತಿಟ್ಟುಕೋ. ಹಗಲೂ ರಾತ್ರಿ ಓಡಿದರೆ ತಿಂಗಳಿಗೆ 43 ಯೂನಿಟ್. ಗೃಹಜ್ಯೋತಿಯ ಬಿಟ್ಟಿ ಕರೆಂಟು ಇದೆಯಲ್ಲ ದೊಡ್ಡಪ್ಪ ಅನ್ನಬೇಡ ಮಾರಾಯ್ತಿ. ನಮ್ಮಂಥ ಮನೆಗೆ ಅಲ್ಲಿ ಸಿಗುವುದು ಹಿಂದಿನ ಸರಾಸರಿ ಮತ್ತು ಅದರ ಮೇಲೆ ಶೇಕಡ 10. ಎಲ್ಲ ಸೇರಿ 200 ಯೂನಿಟ್ ದಾಟಿತೋ, ಇಡೀ ಬಿಲ್ಲು ನಮ್ಮದೇ. ಇದಕ್ಕೆ ದಾರಿ ಇದೆ. ರೆಕಾರ್ಡಿಂಗ್ ಇಲ್ಲದ ಹೊತ್ತು ಮಲಗಿ, ಮುಂದಿನ ಕಾರ್ಯಕ್ರಮಕ್ಕೆ ಹತ್ತು ನಿಮಿಷ ಮುಂಚೆ ತಾನೇ ಏಳುವಂತೆ ಮದರ್‌ಬೋರ್ಡಿನ ಗಡಿಯಾರಕ್ಕೆ ಅಲಾರಂ ಇಡಬಹುದು. ಲಿನಕ್ಸಿನಲ್ಲಿ ಆರ್‌ಟಿಸಿವೇಕ್ ಅನ್ನುವ ಆಜ್ಞೆ ಇರುವುದೇ ಅದಕ್ಕೆ. ಹಳೇ ಬೋರ್ಡುಗಳಲ್ಲಿ ಕೆಲವು ಏಳುತ್ತವೆ, ಕೆಲವು ಏಳುವುದಿಲ್ಲ. ನೀನು ಇಲ್ಲಿರುವಾಗಲೇ ಒಂದು ವಾರ ಮಲಗಿಸಿ ಎಬ್ಬಿಸಿ ನೋಡು. ಏಳದಿದ್ದರೆ ಹಳೇ ಡಬ್ಬದ ಮೋಹ ಬಿಟ್ಟು, ಬೆರಳೆಣಿಕೆಯಷ್ಟು ವಾಟಿನಲ್ಲಿ ನಡೆಯುವ ಪುಟ್ಟ ಯಂತ್ರ ತರುವುದೇ ಲೇಸು. ನಾಲ್ಕೈದು ವರ್ಷದ ಬಿಲ್ಲು ಕೂಡಿಸಿದರೆ ಬಿಟ್ಟಿ ಸಿಕ್ಕಿದ ಕಂಪ್ಯೂಟರ್ ಬಿಟ್ಟಿಯಲ್ಲ.

ಟ್ಯೂನರ್ ಕಾರ್ಡು ಕೊಳ್ಳುವಾಗ ಅದರ ಡ್ರೈವರ್ ಲಿನಕ್ಸ್ ಕರ್ನಲ್ಲಿನ ಒಳಗೇ ಇದೆಯಾ ಅಂತ ನೋಡಿಯೇ ದುಡ್ಡು ಕೊಡು. ಇಲ್ಲದಿದ್ದರೆ ಕರ್ನಲ್ ಬದಲಾದಾಗಲೆಲ್ಲ ಡ್ರೈವರನ್ನು ಹೊಸದಾಗಿ ಕಟ್ಟಬೇಕು. ಅಪ್‌ಡೇಟ್ ಆಯಿತು, ರೀಬೂಟ್ ಆಯಿತು, ಟ್ಯೂನರ್ ಮಾಯ: ಇದು ಇಂಥ ಯಂತ್ರ ಇಟ್ಟುಕೊಂಡವರೆಲ್ಲ ಒಂದಲ್ಲ ಒಂದು ದಿನ ಕಾಣುವ ನಾಟಕ. ಹೊಸ ಆವೃತ್ತಿ ಬಂದಿದೆ ಅಂತ ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ಕೂತು ಅಪ್‌ಡೇಟ್ ಒತ್ತಬೇಡ. ಊರಿಗೆ ಬಂದಾಗ, ಮುಂದೆ ಎರಡು ದಿನ ಬಿಡುವಿರುವಾಗ ಮಾಡು. ಅಲ್ಲಿಂದ ನೋಡಿಕೊಳ್ಳಲು ವಿಪಿಎನ್ ಮೂಲಕವೇ ಒಳಗೆ ಬಾ. ಟಿವಿಹೆಡೆಂಡಿನ 9981ನೇ ಪೋರ್ಟನ್ನು ರೂಟರಿನಲ್ಲಿ ಊರಿಗೆಲ್ಲ ತೆರೆದಿಡಬೇಡ.

ಅಜ್ಜಿಯ ವಿಷಯಕ್ಕೆ ಬರುತ್ತೇನೆ. ಅವಳಿಗೆ ಬೇಕಾದದ್ದು ನಾ. ಸೋಮೇಶ್ವರ ಅವರ ‘ಥಟ್ ಅಂತ ಹೇಳಿ’ ಮತ್ತು ಹಳೇ ಸಿನಿಮಾ. ಪ್ರಶ್ನೆ ಕೇಳಿ ಉತ್ತರ ಬರುವಷ್ಟರಲ್ಲಿ ಅವಳಿಗೆ ತೂಕಡಿಕೆ, ಬೆಳಿಗ್ಗೆ ನನ್ನ ಹತ್ತಿರ ಉತ್ತರ ಕೇಳುತ್ತಾಳೆ. ರೆಕಾರ್ಡ್ ಆಗಿದೆ ಅಂತ ಹೇಳಿ ಕೊನೆಯ ಐದು ನಿಮಿಷ ಕತ್ತರಿಸಿಹೋಗಿದ್ದರೆ ಒಂದು ಸಲ ನಗುತ್ತಾಳೆ. ಎರಡನೇ ಸಲವೂ ಹಾಗೇ ಆದರೆ ಆ ರಿಮೋಟು ಮತ್ತೆ ಮುಟ್ಟುವುದಿಲ್ಲ, ನೀನು ಎಷ್ಟು ಚೆಂದ ಮಾಡಿಟ್ಟಿದ್ದರೂ ಅಷ್ಟೇ. ಮನೆಯವರ ನಂಬಿಕೆ ಗಳಿಸಲು ತಿಂಗಳುಗಳು ಬೇಕು, ಕಳೆಯಲು ಎರಡು ಸಂಜೆ. ಆದ್ದರಿಂದ ಜಿಪುಣತನ ಮಾಡದೆ ಶುರುವಿನಲ್ಲಿ ಐದು ನಿಮಿಷ, ಕೊನೆಯಲ್ಲಿ ಹದಿನೈದು ನಿಮಿಷ ಹೆಚ್ಚಿಗೆ ಹಿಡಿ. ಪರದೆಯ ಕಾರ್ಯಕ್ರಮ ಪಟ್ಟಿಯನ್ನೇ ಪೂರ್ತಿ ನಂಬಬೇಡ. ನೇರ ಪ್ರಸಾರ ಏನಾದರೂ ಬಂದರೆ ಎಲ್ಲ ಹಿಂದೆ ಮುಂದೆ ಆಗುತ್ತದೆ. ದಿನವೂ ಇಂಥ ಹೊತ್ತಿಗೆ ಅಂತ ಗಡಿಯಾರದ ಲೆಕ್ಕದಲ್ಲಿ ಒಂದು ಟೈಮರ್ ಇಡುವುದೇ ನಮ್ಮಂಥವರಿಗೆ ಸರಿ. ಕೋಡಿಯಲ್ಲಿ ಹವಾಮಾನ, ಆಡ್-ಆನ್, ಚಿತ್ರಗಳು ಅಂತ ಇರುವ ಮೆನುಗಳನ್ನೆಲ್ಲ ತೆಗೆದು ‘ರೆಕಾರ್ಡಿಂಗ್’ ಒಂದನ್ನೇ ಉಳಿಸು. ಬಣ್ಣಬಣ್ಣದ ಥೀಮು ನಿನ್ನ ಬೆಂಗಳೂರಿನ ರೂಮಿಗೆ ಇರಲಿ.

ಅವಳ ರೆಕಾರ್ಡಿಂಗ್‌ಗಳನ್ನು ತಾನಾಗಿ ಅಳಿಸುವ ಹಾಗೆ ಮಾಡಬೇಡ. ಹಾಗಂತ ಎಲ್ಲವನ್ನೂ ಇಟ್ಟುಕೊಳ್ಳುವ ಹುಚ್ಚಿಗೂ ಬೀಳಬೇಡ. ಫಿಲಡೆಲ್ಫಿಯಾದಲ್ಲಿ ಮೇರಿಯನ್ ಸ್ಟೋಕ್ಸ್ ಅನ್ನುವ ಹೆಂಗಸು 1979ರಿಂದ 2012ರಲ್ಲಿ ತೀರಿಕೊಳ್ಳುವವರೆಗೆ ಟಿವಿ ಸುದ್ದಿಯನ್ನು ಹಗಲೂ ರಾತ್ರಿ ರೆಕಾರ್ಡ್ ಮಾಡಿಟ್ಟಳು. ಸುಮಾರು 70,000 ಕ್ಯಾಸೆಟ್ ಆಗಿತ್ತು. ಅವೆಲ್ಲ ಈಗ ಇಂಟರ್‌ನೆಟ್ ಆರ್ಕೈವ್‌ನ ಕೈಗೆ ಬಂದಿವೆ, ಚರಿತ್ರೆ ಬರೆಯುವವರಿಗೆ ಅದು ನಿಧಿಯೇ. ನಮ್ಮ ಮನೆಯಲ್ಲಿ ಅಷ್ಟು ಅಟ್ಟ ಇಲ್ಲ. ಅಜ್ಜಿ ಇಟ್ಟುಕೋ ಅಂದದ್ದನ್ನು ಇನ್ನೊಂದು ಡಿಸ್ಕಿಗೆ ನಕಲು ಮಾಡು, ಉಳಿದದ್ದನ್ನು ಅವಳನ್ನು ಕೇಳಿ ಅಳಿಸು.

ಕಾನೂನಿನ ಭಯ ಬೇಡ. 1957ರ ಕೃತಿಸ್ವಾಮ್ಯ ಕಾಯ್ದೆಯ 39ನೇ ಕಲಮಿನ ಪ್ರಕಾರ ಪ್ರಸಾರವಾದದ್ದನ್ನು ಸ್ವಂತ ಬಳಕೆಗೆ ರೆಕಾರ್ಡ್ ಮಾಡಿಕೊಂಡರೆ ಪ್ರಸಾರಕರ ಹಕ್ಕಿಗೆ ಧಕ್ಕೆ ಬಂದಂತಲ್ಲ. ಆದರೆ ಸಿನಿಮಾ ಕತ್ತರಿಸಿ ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ಸ್ವಂತ ಬಳಕೆಯಲ್ಲ. ಆ ಗುಂಪಿನಲ್ಲಿ ಯಾರ್ಯಾರಿದ್ದಾರೆ ಅಂತ ನನಗೇ ಗೊತ್ತಿಲ್ಲ.

ಒಂದು ಪುಸ್ತಕ ಇಡು, ಕಾಗದದ್ದು. ಯಾವ ಕೇಬಲ್ ಎಲ್ಲಿಗೆ, ಯಾವ ದೀಪ ಉರಿಯಬೇಕು, ನಿಂತುಹೋದರೆ ಮೊದಲು ಏನು ಒತ್ತಬೇಕು ಅಂತ ನಿನ್ನ ಕೈಯಲ್ಲೇ ದೊಡ್ಡಕ್ಷರದಲ್ಲಿ ಬರೆ. ಫೋನಿನಲ್ಲಿ ‘ಟರ್ಮಿನಲ್ ಓಪನ್ ಮಾಡಿ ದೊಡ್ಡಪ್ಪ’ ಅಂದರೆ ನಾನು ಮಾಡಿಯೇನು; ನಾನು ಊರಲ್ಲಿಲ್ಲದ ದಿನ ಅಜ್ಜಿ ಮಾಡಲಾರಳು.

ದೀಪಾವಳಿಗೆ ಬರುವಾಗ ಎಲ್‌ಎನ್‌ಬಿ, ಎರಡು ಬಟನ್ ಸೆಲ್, ಪೇಸ್ಟಿನ ಒಂದು ಟ್ಯೂಬು ತಾ. ಮಾಡಿಗೆ ಹತ್ತುವ ಹುಡುಗನಿಗೆ ಹೇಳಿಟ್ಟಿದ್ದೇನೆ. ಅಡಿಕೆ ಕೊಯ್ಲು ಶುರುವಾದರೆ ಅವನು ಕೈಗೆ ಸಿಗುವುದಿಲ್ಲ, ಹಬ್ಬಕ್ಕೆ ಎರಡು ದಿನ ಮುಂಚೆಯೇ ಬಂದುಬಿಡು.

ನಿನ್ನ ದೊಡ್ಡಪ್ಪ